ನೋವಿಲ್ಲದ ದಿನದ ಅಪಾಯ

ನೋವು ಜಾಸ್ತಿ ಇರುವ ದಿನಕ್ಕೆ ನಾನು ಅಷ್ಟು ಹೆದರುವುದಿಲ್ಲ. ಅಂಥ ದಿನ ಏನು ಮಾಡಬೇಕು, ಏನು ಬಿಡಬೇಕು ಅನ್ನುವುದು ಈಗ ರೂಢಿಯಾಗಿದೆ. ಹೆದರಿಕೆ ಇರುವುದು ನೋವಿಲ್ಲದೆ ಎದ್ದ ಬೆಳಿಗ್ಗೆಗೆ. ಹಾಸಿಗೆಯಿಂದ ಕಾಲು ಕೆಳಗಿಟ್ಟರೂ ಸೊಂಟ ಚಕಾರ ಎತ್ತುವುದಿಲ್ಲ. ಬಗ್ಗಿ ನೋಡಿದರೂ ಸುಮ್ಮನಿರುತ್ತದೆ. ಆಗ ತಲೆಯಲ್ಲಿ ಬಾಕಿ ಕೆಲಸಗಳು ಒಂದೊಂದೇ ಎದ್ದು ಕೂರುತ್ತವೆ. ಅಟ್ಟದ ಮೇಲಿನ ಪಾತ್ರೆ ಇಳಿಸಬೇಕು, ಕಂಬಳಿ ಒಗೆಯಬೇಕು, ಅಕ್ಕಿ ಮೂಟೆ ಬಿಚ್ಚಿ ಡಬ್ಬಕ್ಕೆ ಸುರಿಯಬೇಕು. ಹೇಗೂ ಇವತ್ತು ಚೆನ್ನಾಗಿದ್ದೀನಲ್ಲ, ಸಂಜೆ ಮಾರ್ಕೆಟ್ಟಿಗೂ ಹೋಗಿಬಂದುಬಿಡೋಣ. ರಾತ್ರಿ ಮಲಗುವವರೆಗೂ ಏನೂ ಆಗುವುದಿಲ್ಲ. ಮಾರನೇ ದಿನ ಎದ್ದು ಕೂರಲು ಗೋಡೆ ಹಿಡಿಯಬೇಕು.

ವರ್ಷಗಟ್ಟಲೆ ನೋವು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನಾಗಿರುವ ದಿನ ಮೈಮುರಿ ಕೆಲಸ, ಆಮೇಲೆ ಎರಡು ಮೂರು ದಿನ ಹಾಸಿಗೆ, ಸ್ವಲ್ಪ ಸುಧಾರಿಸಿದ ಕೂಡಲೇ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವ ಆತುರ. ಮಲಗಿದ ದಿನಗಳಲ್ಲಿ ಮೈಯ ಕಸುವು ಹೋಗುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಸಣ್ಣ ಕೆಲಸವೇ ಮಲಗಿಸಿಬಿಡುತ್ತದೆ. ನೋವಿಗೆ ಒಳ್ಳೆಯ ಜೀವನಶೈಲಿ ಬೇಕು ಅಂತ ಎಲ್ಲರೂ ಹೇಳುತ್ತಾರೆ. ವಾಕಿಂಗ್, ಯೋಗ, ನಿದ್ದೆ, ಊಟ, ತೂಕ. ಎಲ್ಲ ಸರಿ. ಆದರೆ ಇವನ್ನೆಲ್ಲ ನಾವು ಶುರುಮಾಡುವುದೇ ಚೆನ್ನಾಗಿರುವ ದಿನ. ಮಾಡುವುದೂ ಚೆನ್ನಾಗಿರುವ ದಿನದ ಅಳತೆಯಲ್ಲೇ. ಎಡವಟ್ಟು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ನಾನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಐದಾರು ಪೀರಿಯಡ್ ನಿಂತಿರುವುದು, ಬೋರ್ಡಿನ ಕಡೆ ತಿರುಗಿ ಬರೆಯುವುದು, ಬೆಂಚಿನ ಮೇಲೆ ಬಗ್ಗಿ ನೋಟ್ಸ್ ನೋಡುವುದು. ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನ ಅಂತ ದಿನವಿಡೀ ಕೂರುವುದು. ನನ್ನ ಸೊಂಟನೋವಿಗೆ ಹೇಳಿಕೊಳ್ಳುವಂಥ ಕಥೆ ಏನೂ ಇಲ್ಲ. ಬಿದ್ದಿಲ್ಲ, ಗಾಡಿ ಗುದ್ದಿಲ್ಲ. ಒಂದು ದಿನ ನೀರಿನ ಬಕೆಟ್ ಎತ್ತುವಾಗ ಹಿಡಿದುಕೊಂಡಿತು. ಬಿಟ್ಟಿತು. ಮತ್ತೆ ಹಿಡಿದುಕೊಂಡಿತು. ಆಮೇಲೆ ಪೂರ್ತಿ ಬಿಡಲೇ ಇಲ್ಲ. ವೈದ್ಯರ ಲೆಕ್ಕದಲ್ಲಿ ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ನೋವು. ನನ್ನದು ಆ ಗಡಿ ದಾಟಿ ಎಷ್ಟೋ ಕಾಲವಾಯಿತು. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು ಅಂತ ಒಂದು ದೊಡ್ಡ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. 2050ರ ಹೊತ್ತಿಗೆ ಅದು 84 ಕೋಟಿ ಮುಟ್ಟಬಹುದಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ಈ ಅಂಕಿ ಕಡಿಮೆಯಾಯಿತು ಅನ್ನಿಸುತ್ತದೆ.

ಎಂಆರ್‌ಐ ರಿಪೋರ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಎಲ್4 ಎಲ್5 ನಡುವೆ, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವೆ, ಡಿಸ್ಕ್ ಉಬ್ಬಿದೆ ಅಂತ ಓದಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಬೆನ್ನು ಇನ್ನೇನು ಕಳಚಿ ಬೀಳುತ್ತದೆ ಅಂತ ಅವತ್ತಿನಿಂದಲೇ ಬಗ್ಗುವುದು ನಿಲ್ಲುತ್ತದೆ, ಕೆಳಗೆ ಕೂರುವುದು ನಿಲ್ಲುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಇದೆ. ಅದರಲ್ಲಿ 33 ಅಧ್ಯಯನಗಳಿಂದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ್ದರು. ಇವರಲ್ಲಿ ಯಾರಿಗೂ ಬೆನ್ನುನೋವು ಇರಲಿಲ್ಲ. ಆದರೂ 20 ವರ್ಷದವರಲ್ಲಿ ಶೇಕಡಾ 37 ಜನರಿಗೆ ಡಿಸ್ಕ್ ಸವೆದಿತ್ತು. 50 ವರ್ಷದವರಲ್ಲಿ ಶೇಕಡಾ 80, 80 ವರ್ಷದವರಲ್ಲಿ ಶೇಕಡಾ 96. ಡಿಸ್ಕ್ ಉಬ್ಬಿರುವುದು 20ರಲ್ಲೇ ಶೇಕಡಾ 30 ಜನರಿಗೆ. ಐವತ್ತು ವರ್ಷದ, ನೋವೇ ಗೊತ್ತಿಲ್ಲದ ಹತ್ತು ಜನರನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಎಂಟು ಜನರ ರಿಪೋರ್ಟಿನಲ್ಲೂ ನನ್ನದರ ಹಾಗೆ ಡಿಸ್ಕ್ ಸವೆದಿದೆ ಅಂತಲೇ ಇರುತ್ತದೆ. ಸ್ಕ್ಯಾನ್ ಬೇಡ ಅಂತಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಈ ಅಂಕಿಗಳು ಆ ರಿಪೋರ್ಟಿನ ಕೆಳಗೇ ಸಣ್ಣ ಅಕ್ಷರದಲ್ಲಾದರೂ ಅಚ್ಚಾಗಿದ್ದರೆ ಎಷ್ಟೋ ಜನ ಹೆದರಿ ಮಲಗುವುದು ತಪ್ಪುತ್ತಿತ್ತು.

ಹಾಗಾದರೆ ನೋವು ಸುಳ್ಳೇ? ಖಂಡಿತ ಅಲ್ಲ. ಗಾಯ ಇದ್ದಾಗ ನೋವು ಬರುವುದು ಒಂದು ಬಗೆ. ಗಾಯ ಮಾಗಿದ ಮೇಲೂ ನರಗಳು, ಬೆನ್ನುಹುರಿ, ಮೆದುಳು ಎಚ್ಚರ ತಪ್ಪದೆ ಕೂತು ಸಣ್ಣದಕ್ಕೂ ಕೂಗಿಕೊಳ್ಳುವುದು ಇನ್ನೊಂದು ಬಗೆ. ಒಮ್ಮೆ ಕಳ್ಳ ಬಂದುಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದಲ್ಲ, ಹಾಗೆ. ಬೊಗಳುವುದು ನಿಜ, ಸದ್ದು ನಿಜ, ನಿದ್ದೆ ಕೆಡುವುದೂ ನಿಜ. ಕಳ್ಳ ಮಾತ್ರ ಇಲ್ಲ. ನರಮಂಡಲ ಹೀಗೆ ಅತಿಸೂಕ್ಷ್ಮ ಆಗುವುದನ್ನು ವಿಜ್ಞಾನಿಗಳು 1980ರ ದಶಕದಿಂದಲೇ ಪ್ರಯೋಗಗಳಲ್ಲಿ ತೋರಿಸುತ್ತಾ ಬಂದಿದ್ದಾರೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಅದರ ಜೊತೆಗಿನ ಟಿಪ್ಪಣಿಯಲ್ಲಿ, ಒಬ್ಬರು ನೋವಿದೆ ಅಂದರೆ ಆ ಮಾತನ್ನು ಗೌರವಿಸಬೇಕು ಅಂತಲೂ ಸೇರಿಸಿತು. "ಎಲ್ಲಾ ಮನಸ್ಸಿನದ್ದು ಕಣೇ, ಯೋಚನೆ ಮಾಡಬೇಡ" ಅನ್ನುವ ನೆಂಟರಿಗೆ ಇದನ್ನು ಓದಿ ಹೇಳಬೇಕು ಅನ್ನಿಸುತ್ತದೆ.

ನೆಂಟರು ಅಂದ ಮೇಲೆ ಮದ್ದುಗಳ ವಿಷಯ. ಸೊಂಟನೋವು ಅಂತ ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಮದ್ದಿಗೆ ಬರವಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದಂತೆ. ಬಿಸಿ ಮಾಡಿದ ಎಕ್ಕದ ಎಲೆ ಕಟ್ಟಬೇಕಂತೆ. ಲಕ್ಕಿ ಸೊಪ್ಪು ಕುದಿಸಿದ ನೀರು ಹುಯ್ದುಕೊಳ್ಳಬೇಕಂತೆ. ಆಲೂಗಡ್ಡೆ, ಅವರೆಕಾಳು, ಕಡಲೆಬೇಳೆ ಬಿಡಬೇಕಂತೆ, ಏಕೆಂದರೆ ಇದೆಲ್ಲ ವಾಯು, ಗ್ಯಾಸು ಬೆನ್ನಿಗೆ ಹೋಗಿ ಹಿಡಿದುಕೊಂಡಿದೆಯಂತೆ. ಮೈಸೂರಿನಲ್ಲಿದ್ದುಕೊಂಡು ಚಳಿಗಾಲದಲ್ಲಿ ಅವರೆಕಾಳು ಬಿಡುವುದಕ್ಕಿಂತ ನೋವೇ ವಾಸಿ. ಇವುಗಳಲ್ಲಿ ಬಿಸಿನೀರು, ಎಣ್ಣೆ ತಿಕ್ಕುವುದು ನನಗೆ ಇವತ್ತಿಗೂ ಇಷ್ಟ. ಅದಕ್ಕೆ ಕಾರಣವೂ ಇದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಾದ ಮುಂದಿಟ್ಟರು. ನೋವಿನ ಸುದ್ದಿ ಮೆದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲು ಇದೆ. ಉಜ್ಜಿದಾಗ, ಒತ್ತಿದಾಗ ಹೋಗುವ ಸ್ಪರ್ಶದ ಸುದ್ದಿ ಆ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿ ಹೋಗಿ ಉಜ್ಜುವುದು ಇದಕ್ಕೇ. ಆದರೆ ಅದು ಆ ಹೊತ್ತಿನ ಸುಖ. ಅಜ್ಜಿ ಎಣ್ಣೆ ತಿಕ್ಕಿ ಮಲಗಿಸಿದರೆ ನಿದ್ದೆ ಬರುತ್ತದೆ, ಬೆನ್ನಿಗೆ ಬಲ ಬರುವುದಿಲ್ಲ.

ಆಧುನಿಕ ಮದ್ದುಗಳೂ ಹಾಗೇ. ನಾನು ಮೊದಲು ಹೋದ ಫಿಸಿಯೋಥೆರಪಿ ಸೆಂಟರಿನಲ್ಲಿ ಸೊಂಟಕ್ಕೆ ಬೆಲ್ಟ್ ಕೊಟ್ಟರು, ಮಲಗಿಸಿ ಎಳೆಯುವ ಟ್ರಾಕ್ಷನ್ ಕೊಟ್ಟರು, ಅಲ್ಟ್ರಾಸೌಂಡ್ ಅಂತ ಜೆಲ್ ಹಚ್ಚಿ ಉಜ್ಜಿದರು. ಎದ್ದು ನಡೆಯಿರಿ ಅಂತ ಮಾತ್ರ ಯಾರೂ ಹೇಳಲಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ತಂದಿತು. ವಾಡಿಕೆಯಾಗಿ ಕೊಡಬೇಡಿ ಅಂತ ಅದು ಹೇಳಿದವುಗಳಲ್ಲಿ ಈ ಮೂರೂ ಇವೆ. ಕೊಡಿ ಅಂತ ಹೇಳಿದ್ದರಲ್ಲಿ ಮೊದಲಿಗೆ ಬರುವುದು ನೋವಿನ ಬಗ್ಗೆ ತಿಳಿವಳಿಕೆ ಮತ್ತು ವ್ಯಾಯಾಮ. ಬೆಡ್‌ರೆಸ್ಟ್ ಕಥೆ ಇನ್ನೂ ಹಳೆಯದು. 1986ರಲ್ಲೇ ಅಮೆರಿಕದಲ್ಲಿ ಸೊಂಟ ಹಿಡಿದ ಇನ್ನೂರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿ ನೋಡಿದರು. ಏಳು ದಿನದವರು ಹೆಚ್ಚೇನೂ ಗುಣವಾಗಲಿಲ್ಲ, ಕೆಲಸಕ್ಕೆ ರಜೆ ಮಾತ್ರ ಜಾಸ್ತಿ ಆಯಿತು. ನಲವತ್ತು ವರ್ಷವಾದರೂ ನಮ್ಮಲ್ಲಿ "ಮೂರು ವಾರ ಅಲ್ಲಾಡಬೇಡಿ" ಅನ್ನುವವರು ಸಿಗುತ್ತಾರೆ.

ಮಾತ್ರೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ವೈದ್ಯರ ಕೆಲಸ. ಒಂದು ವಿಷಯ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ "ಅಣ್ಣಾ, ಒಂದು ಪೇನ್‌ಕಿಲ್ಲರ್ ಕೊಡಿ" ಅಂದರೆ ಸಲೀಸಾಗಿ ಸಿಗುವ ಡೈಕ್ಲೋಫೆನಾಕ್ ಇದೆಯಲ್ಲ, ನಮ್ಮ ದೇಶದ ರಣಹದ್ದುಗಳನ್ನು ಬಲಿ ತೆಗೆದುಕೊಂಡದ್ದು ಅದೇ. ನೋವಿಗೆ ಅಂತ ದನಗಳಿಗೆ ಕೊಡುತ್ತಿದ್ದರು. ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾವಿರ ಸಾವಿರ ಉದುರಿದವು. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳಿಗಾಗಿ ಕಾಯ್ದಿಟ್ಟದ್ದು 2012ರಲ್ಲಿ. ಮನುಷ್ಯರು ಹದ್ದುಗಳಲ್ಲ, ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಬಹಳ ಜನರಿಗೆ ಏನೂ ಆಗುವುದಿಲ್ಲ. ಆದರೂ ವರ್ಷಗಟ್ಟಲೆ ತಾವೇ ಕೊಂಡು ನುಂಗುತ್ತಿದ್ದರೆ ಹೊಟ್ಟೆ, ಮೂತ್ರಪಿಂಡ, ಹೃದಯ ಮೂರಕ್ಕೂ ಅಪಾಯ ಇದೆ. ಬೆಂಗಳೂರು ರೈಲಿನಲ್ಲಿ ಹೋಗುವಾಗ ಆ ಬೆಟ್ಟ ಕಂಡಾಗಲೆಲ್ಲ ಬ್ಯಾಗಿನಲ್ಲಿರುವ ಮಾತ್ರೆ ಪಟ್ಟಿ ನೆನಪಾಗುತ್ತದೆ.

ಈಗ ನಡಿಗೆ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಇದರ ಮೇಲೆ, ಅದರಲ್ಲೂ ಇದರ ಅಳತೆಯ ಮೇಲೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ಟ್ ಫೋರ್ಡೈಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ದೀರ್ಘಕಾಲದ ನೋವಿನ ರೋಗಿಗಳಿಗೆ ಅವರು 1970ರ ದಶಕದಲ್ಲೇ ಒಂದು ಸರಳ ಬದಲಾವಣೆ ಹೇಳಿದರು. ನೋವು ಬಂದಾಗ ನಿಲ್ಲಿಸಬೇಡಿ. ಮೊದಲೇ ಇಷ್ಟು ಅಂತ ಗೊತ್ತುಮಾಡಿಕೊಳ್ಳಿ, ಅಷ್ಟಾದ ಕೂಡಲೇ ನಿಲ್ಲಿಸಿ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಯೋಚಿಸಿ ನೋಡಿ. ನೋವು ಬರುವವರೆಗೆ ಮಾಡಿ ನಿಲ್ಲಿಸಿದರೆ, ಪ್ರತಿ ಸಲವೂ ಕೆಲಸ ನೋವಿನಲ್ಲೇ ಮುಗಿಯುತ್ತದೆ, ವಿಶ್ರಾಂತಿ ನೋವಿಗೆ ಸಿಗುವ ಬಹುಮಾನ ಆಗುತ್ತದೆ. ನಡೆದರೆ ನೋವು ಅನ್ನುವ ಪಾಠವನ್ನು ಮೈ ದಿನಾ ಬಾಯಿಪಾಠ ಮಾಡುತ್ತದೆ. ಗಡಿಯಾರ ನೋಡಿ ನಿಲ್ಲಿಸಿದರೆ ನಡಿಗೆ ಚೆನ್ನಾಗಿರುವಾಗಲೇ ಮುಗಿಯುತ್ತದೆ.

ಎಷ್ಟು ಅಂತ ಗೊತ್ತುಮಾಡುವುದು ಹೇಗೆ? ಇಲ್ಲಿ ಗಣಿತ ಸ್ವಲ್ಪ ಉಪಯೋಗಕ್ಕೆ ಬಂತು. ಕೆಲವು ದಿನ, ಒಳ್ಳೆಯ ದಿನವೂ ಸೇರಿ, ಕೆಟ್ಟ ದಿನವೂ ಸೇರಿ, ತೊಂದರೆಯಾಗದೆ ಎಷ್ಟು ನಿಮಿಷ ನಡೆಯಬಹುದು ಅಂತ ಬರೆದಿಟ್ಟುಕೊಳ್ಳುವುದು. ಸರಾಸರಿ ತೆಗೆಯುವುದು. ಅದರಲ್ಲಿ ಐದನೇ ಒಂದು ಪಾಲು ಕಳೆಯುವುದು. ಉಳಿದದ್ದೇ ಶುರುವಿನ ಅಳತೆ. ನನಗೆ ಬಂದದ್ದು ಎಂಟು ನಿಮಿಷ. ನಾಚಿಕೆಯಾಗುವಷ್ಟು ಕಡಿಮೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಎಂಟು ನಿಮಿಷ ಅಂದರೆ ಇನ್ನೂ ಹೆಜ್ಜಾರ್ಲೆ ಹಕ್ಕಿಗಳ ಗುಂಪು ಸರಿಯಾಗಿ ಕಾಣುವ ಮೊದಲೇ ಹಿಂದಿರುಗಬೇಕು. ಎಪ್ಪತ್ತು ದಾಟಿದ ತಾತಂದಿರು ಮಂಕಿ ಕ್ಯಾಪು ಹಾಕಿಕೊಂಡು, ರಾಜಕೀಯ ಮಾತಾಡಿಕೊಂಡು, ನನ್ನನ್ನು ದಾಟಿ ಹೋಗುತ್ತಾರೆ. ಆದರೆ ಎಂಟು ನಿಮಿಷಕ್ಕೆ ಒಂದು ಗುಣ ಇದೆ. ಕೆಟ್ಟ ದಿನವೂ ಅದನ್ನು ಮಾಡಬಹುದು. ದಿನಾ ಮಾಡಲು ಆಗುವುದು ಮಾತ್ರ ಬೆಳೆಯುತ್ತದೆ. ವಾರಕ್ಕೆ ಒಂದು ನಿಮಿಷ, ಒಂದೂವರೆ ನಿಮಿಷ. ಅದಕ್ಕಿಂತ ಜಾಸ್ತಿ ಇಲ್ಲ.

ಕಷ್ಟ ಬರುವುದು ಕೆಟ್ಟ ದಿನ ಅಲ್ಲ ಅಂತ ಮೊದಲೇ ಹೇಳಿದೆ. ಚಳಿಗಾಲದ ಬೆಳಿಗ್ಗೆ, ಕೆರೆ ಮೇಲೆ ಮಂಜು, ಸೊಂಟ ಹಗುರ, ಕಾಲು ತಾನಾಗಿ ಮುಂದೆ ಹೋಗುತ್ತದೆ. ಇವತ್ತು ಒಂದು ಪೂರ್ತಿ ಸುತ್ತು ಹಾಕಿಬಿಡೋಣ ಅಂತ ಆಸೆಯಾಗುತ್ತದೆ. ಆಗ ಗಡಿಯಾರ ನೋಡಿ ಹಿಂದಿರುಗುವುದಿದೆಯಲ್ಲ, ಅದಕ್ಕೆ ಬೇಕಾದ ಗಟ್ಟಿತನ ನೋವು ಸಹಿಸಲು ಕೂಡ ಬೇಡ. ಜೊತೆಗೆ ಬರುವ ಗೆಳತಿಗೆ ಇದು ಅರ್ಥವೇ ಆಗುವುದಿಲ್ಲ. "ಚೆನ್ನಾಗಿದ್ದೀಯಲ್ಲ, ಬಾರೇ" ಅನ್ನುತ್ತಾಳೆ. ಚೆನ್ನಾಗಿರುವುದರಿಂದಲೇ ಬರುವುದಿಲ್ಲ ಅಂದರೆ ನಗುತ್ತಾಳೆ.

ನಡಿಗೆಗೆ ಈಗ ಒಳ್ಳೆಯ ಪುರಾವೆಯೂ ಇದೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಸೊಂಟನೋವು ಬಂದು ಆಗಷ್ಟೇ ವಾಸಿಯಾದವರು ಅವರು. ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ಜೊತೆ ಮಾತು, ಅವರವರ ಶಕ್ತಿಗೆ ತಕ್ಕ ನಡಿಗೆಯ ಯೋಜನೆ. ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಮುಟ್ಟುವುದು ಗುರಿ. ಉಳಿದವರಿಗೆ ಏನೂ ಇಲ್ಲ. ಕೆಲಸ ಕೆಡಿಸುವಂಥ ನೋವು ಮರಳಿ ಬರಲು ಏನೂ ಇಲ್ಲದವರಿಗೆ ಹಿಡಿದ ಮಧ್ಯಮ ಅವಧಿ 112 ದಿನ, ನಡೆದವರಿಗೆ 208 ದಿನ. ಅಂದರೆ ಆಯಾ ಗುಂಪಿನ ಅರ್ಧ ಜನರಿಗೆ ಅಷ್ಟು ದಿನದೊಳಗೆ ನೋವು ಮರಳಿತು. ನನಗೆ ಇದರಲ್ಲಿ ಹಿಡಿಸಿದ್ದು ನಡೆದವರಿಗೂ ನೋವು ಮರಳಿ ಬಂತು ಅನ್ನುವ ಪ್ರಾಮಾಣಿಕತೆ. ಹೋಗಿಯೇಬಿಡುತ್ತದೆ ಅಂತ ಯಾರೂ ಹೇಳಿಲ್ಲ. ತಡವಾಗಿ ಬರುತ್ತದೆ, ಅಷ್ಟೇ. ಅಷ್ಟು ಸಾಲದೇ?

ಯೋಗದ ಬಗ್ಗೆ ಮೈಸೂರಿನವಳು ಏನೂ ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಹೊರಗೆ ಜಿಗಣಿ ಹತ್ತಿರ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಇದೆ. ಅಲ್ಲಿ ದೀರ್ಘಕಾಲದ ಸೊಂಟನೋವಿನ 80 ಜನರನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಯೋಗದ ಗುಂಪಿನವರಿಗೆ ದಿನದ ಕೆಲಸಗಳು ಸಲೀಸಾದವು, ಬೆನ್ನು ಬಾಗುವುದೂ ಹೆಚ್ಚಿತು. ಇದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆ ಬೇರೆ. ಒಂದು ವಾರ ಅಡುಗೆ ಬೇರೆಯವರು ಮಾಡಿ, ತಟ್ಟೆ ಬೇರೆಯವರು ತೊಳೆದು, ಹೊತ್ತಿಗೆ ಸರಿಯಾಗಿ ಮಲಗಲು ಬಿಟ್ಟರೆ ನಮ್ಮ ಬೀದಿಯ ಎಲ್ಲಾ ಹೆಂಗಸರ ಬೆನ್ನೂ ಸುಧಾರಿಸುತ್ತದೆ. ಆದರೆ ಹೋಲಿಕೆಗೆ ಇಟ್ಟ ಗುಂಪಿನವರೂ ಅಲ್ಲೇ ಉಳಿದು ಬೇರೆ ವ್ಯಾಯಾಮ ಮಾಡಿದ್ದರು, ಅವರಿಗಿಂತ ಯೋಗದವರಿಗೆ ಗುಣ ಜಾಸ್ತಿ. ಹಾಗಾಗಿ ನನ್ನ ಕುಹಕ ಪೂರ್ತಿ ಸರಿಯಲ್ಲ. ನಾನು ಮಾಡುವುದು ಕೆಲವೇ ಆಸನ. ಭುಜಂಗಾಸನ, ಸೇತುಬಂಧ, ಮಾರ್ಜಾಲಾಸನ. ಅದಕ್ಕೂ ಸೆಕೆಂಡಿನ ಲೆಕ್ಕ ಇದೆ. ಕ್ಲಾಸಿಗೆ ಸೇರಿದ ಮೊದಲ ದಿನವೇ ಪಕ್ಕದವರನ್ನು ನೋಡಿ ಪಶ್ಚಿಮೋತ್ತಾನಾಸನದಲ್ಲಿ ಹಣೆಯನ್ನು ಮಂಡಿಗೆ ಮುಟ್ಟಿಸಲು ಹೋಗುವವರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮೇಜಿನ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಸೇರಿಸಿಕೊಂಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಮಾಡಬಹುದಾದದ್ದು ಇದೊಂದೇ. ಯಾರಾದರೂ ಬಂದರೆ ಎದ್ದು ನಿಂತು ಗೌರವ ಕೊಟ್ಟ ಲೆಕ್ಕವೂ ಆಗುತ್ತದೆ.

ನಿದ್ದೆಗೆ ನಾವು ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ನೋವಿನಿಂದ ನಿದ್ದೆ ಬರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿದ್ದೆ ಕೆಟ್ಟದ್ದರಿಂದ ನೋವು ಅಂತ ಹೇಳುವವರು ಕಡಿಮೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದು ಏನೆಂದರೆ, ಇವತ್ತಿನ ನೋವು ನೋಡಿ ನಾಳೆಯ ನಿದ್ದೆ ಹೇಗಿರುತ್ತದೆ ಅಂತ ಊಹಿಸುವುದಕ್ಕಿಂತ, ಇವತ್ತಿನ ನಿದ್ದೆ ನೋಡಿ ನಾಳೆಯ ನೋವನ್ನು ಊಹಿಸುವುದು ಹೆಚ್ಚು ಸರಿಹೋಗುತ್ತದೆ. ನನ್ನ ಕ್ಯಾಲೆಂಡರಿನಲ್ಲಿ ಗೀಚಿದ್ದನ್ನು ನೋಡಿದರೂ ಹಾಗೇ ಕಾಣುತ್ತದೆ. ಮಗನ ಪರೀಕ್ಷೆಗೆ ಅಂತ ರಾತ್ರಿ ಹನ್ನೆರಡರವರೆಗೆ ಕೂತ ವಾರಗಳಲ್ಲಿ ಬೆನ್ನು ಮಾತು ಕೇಳುವುದಿಲ್ಲ.

ಹಾಗಾಗಿ ಸಂಜೆಯ ಕಾಫಿ ಬಿಟ್ಟೆ. ಬರೆಯಲು ಮೂರು ಪದ, ಬಿಡಲು ಮಾತ್ರ ಮಹಾಯುದ್ಧ. ಕಾಫಿಯೊಳಗಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಐದೂವರೆಗೆ ಕುಡಿದ ಡಿಕಾಕ್ಷನ್ನಿನ ಅರ್ಧ ಪಾಲು ರಾತ್ರಿ ಹತ್ತೂವರೆಗೂ ಮೈಯಲ್ಲೇ ಇರುತ್ತದೆ. ಸ್ಕೂಲಿನಿಂದ ಬಂದು ಚಪ್ಪಲಿ ಬಿಚ್ಚುವಾಗ ಮೂಗಿಗೆ ಬರುವ ಆ ವಾಸನೆಗೆ ಸಮನಾದದ್ದು ಇನ್ನೂ ಸಿಕ್ಕಿಲ್ಲ. ಮಜ್ಜಿಗೆ ಕುಡಿಯುತ್ತೇನೆ, ಆದರೆ ಮಜ್ಜಿಗೆ ಕಾಫಿ ಅಲ್ಲ. ಇನ್ನು ಮಲಗುವ ಹೊತ್ತು ಭಾನುವಾರವೂ ಬದಲಾಗುವುದಿಲ್ಲ. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳುತ್ತೇನೆ. ಫೋನು ನಡುಮನೆಯಲ್ಲೇ ಮಲಗುತ್ತದೆ.

ಊಟ, ತೂಕದ ಬಗ್ಗೆ ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಪವಾಡ ಹೇಳುವವರೇ ಜಾಸ್ತಿ. ಅರಿಶಿನದ ಹಾಲು, ಮೆಂತ್ಯದ ನೀರು ಕುಡಿಯಿರಿ, ಇಷ್ಟ ಇದ್ದರೆ. ನಾನು ಅದನ್ನು ಚಿಕಿತ್ಸೆ ಅನ್ನುವುದಿಲ್ಲ. ತೂಕ ಇಳಿದರೆ ಸೊಂಟಕ್ಕಿಂತ ಮಂಡಿಗೆ ಲಾಭ ಸ್ಪಷ್ಟ. ಮಂಡಿ ಸವೆದ ದಪ್ಪಗಿನ ಹಿರಿಯರಲ್ಲಿ ಅಳೆದು ನೋಡಿದಾಗ, ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗಿತ್ತು. ಮೈಕೈ ನೋವು ಜಾಸ್ತಿ ಇರುವವರು ವಿಟಮಿನ್ ಡಿ, ಬಿ12, ಥೈರಾಯ್ಡ್ ಬಗ್ಗೆ ಒಮ್ಮೆ ವೈದ್ಯರನ್ನು ಕೇಳುವುದು ಒಳ್ಳೆಯದು. ಸಿಗರೇಟು ಸೇದುವವರಲ್ಲಿ ಬೆನ್ನುನೋವು ಹೆಚ್ಚು ಅನ್ನುವುದು ಗೊತ್ತಿರುವ ಸಂಗತಿ. ನಮ್ಮ ಮನೆಯಲ್ಲಿ ಅದನ್ನು ಹೇಳಬೇಕಾದವರಿಗೆ ಹೇಳಿದ್ದೇನೆ, ಇಲ್ಲಿ ಮತ್ತೆ ಹೇಳಿದರೆ ಜಗಳ.

ಪಟ್ಟಿಗಳಲ್ಲಿ ಬರದ ಒಂದು ವಿಷಯ ಇದೆ, ಅದು ಮನೆಯವರು. ಒಂದು ಅಳತೆ ಇಟ್ಟುಕೊಂಡು ಬದುಕುತ್ತೇನೆ ಅಂದರೆ, ಅಳತೆ ಮೀರಿದ ಕೆಲಸ ಯಾರೋ ಮಾಡಬೇಕು, ಇಲ್ಲವೇ ಉಳಿಯಬೇಕು. ನೋವಿದ್ದಾಗ ಮಲಗಿದರೆ ಮನೆಯವರು ಬಿಸಿನೀರಿನ ಚೀಲ ತಂದುಕೊಡುತ್ತಾರೆ. ನೋವಿಲ್ಲದಾಗ "ಇವತ್ತಿಗೆ ಇಷ್ಟೇ" ಅಂತ ಕೂತರೆ ಸೋಮಾರಿ ಅನ್ನಿಸಿಕೊಳ್ಳಬೇಕು. ನೋವು ಕಣ್ಣಿಗೆ ಕಾಣುವುದಿಲ್ಲ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಬಸ್ಸಿನಲ್ಲಿ ಸೀಟು ಬಿಡುತ್ತಾರೆ, ಸೊಂಟಕ್ಕೆ ಯಾರು ಬಿಡುತ್ತಾರೆ? ನಾನು ಮಾಡಿದ್ದು ಇಷ್ಟೇ. ಬಟ್ಟೆ ಒಣಹಾಕುವುದು, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಹಾಸಿಗೆ ಕೊಡವುವುದು, ಇವು ನನ್ನ ಕೆಲಸ ಅಲ್ಲ ಅಂತ ಚೆನ್ನಾಗಿರುವ ದಿನವೇ ಹೇಳಿದೆ. ಕೆಟ್ಟ ದಿನ ಹೇಳಿದರೆ ಅದು ಅವತ್ತಿಗೆ ಮಾತ್ರ ಅಂದುಕೊಳ್ಳುತ್ತಾರೆ. ಎರಡು ಮೂರು ತಿಂಗಳು ಗೊಣಗಾಟ ಇತ್ತು. ಈಗ ಮಗ ಬಟ್ಟೆ ಒಣಹಾಕುತ್ತಾನೆ. ಕ್ಲಿಪ್ ಹಾಕುವುದಿಲ್ಲ, ಗಾಳಿಗೆ ಪಕ್ಕದ ಮನೆ ಕಾಂಪೌಂಡಿಗೆ ಹಾರುತ್ತವೆ. ನಾನು ನೋಡದವಳಂತೆ ಒಳಗೆ ಹೋಗುತ್ತೇನೆ. ಅದೂ ಒಂದು ಅಭ್ಯಾಸವೇ.

ನಡುವೆ ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ, ಅಪಾಯದ್ದೇನೂ ಇಲ್ಲ ಅಂತ ವೈದ್ಯರು ನೋಡಿ ಹೇಳಿದ ಮೇಲಿನ ಮಾತು. ಮೂತ್ರ ಕಟ್ಟಿಕೊಂಡರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಬಂದಿದ್ದರೆ ಅದು, ಬಿದ್ದ ಪೆಟ್ಟು, ಇವೂ ತಡಮಾಡುವಂಥವಲ್ಲ. ಇನ್ನೊಂದು, ನಮ್ಮ ಶಾಲೆಯ ಹುಡುಗರಿಗೆ ಹೇಳಬೇಕಾದದ್ದು. ಹರೆಯದಲ್ಲೇ ಬೆನ್ನುನೋವು ಶುರುವಾಗಿ, ಬೆಳಿಗ್ಗೆ ಅರ್ಧ ಗಂಟೆಗೂ ಮೇಲೆ ಬಿಗಿತ ಇದ್ದು, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುತ್ತಿದ್ದರೆ ಅದು ಉರಿಯೂತದ ಸಂಧಿವಾತ ಇರಬಹುದು. ಅದಕ್ಕೆ ಬೇರೆಯೇ ಔಷಧಿ ಇದೆ. ವರ್ಷಗಟ್ಟಲೆ ಉಳುಕು ತೆಗೆಸುತ್ತಾ ಕೂರಬಾರದು.

ನೋವು ಕೆರಳುವುದು ಈಗಲೂ ಇದೆ. ಕಾರಣ ಗೊತ್ತಾಗುವ ಸಲ ಕಡಿಮೆ, ಗೊತ್ತಾಗದ ಸಲವೇ ಜಾಸ್ತಿ. ಅಂಥ ದಿನಗಳಲ್ಲಿ ನನ್ನ ನಿಯಮ ಒಂದೇ. ಅಳತೆ ಅರ್ಧ ಮಾಡಬಹುದು, ಸೊನ್ನೆ ಮಾಡಬಾರದು. ನಡಿಗೆ ಇಪ್ಪತ್ತು ನಿಮಿಷ ಇದ್ದರೆ ಹತ್ತು. ಅದನ್ನೂ ಎರಡು ಸಲಕ್ಕೆ ಹಂಚಿಕೊಂಡು ಮನೆ ವರಾಂಡದಲ್ಲೇ. ಬಿಸಿನೀರಿನ ಚೀಲ, ಉದ್ದನೆಯ ಉಸಿರು, ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರೆ. ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಇಳಿದ ಕೂಡಲೇ ಹಿಂದಿನ ಅಳತೆಗೆ ಹಾರುವುದಿಲ್ಲ, ಎರಡು ದಿನ ತೆಗೆದುಕೊಂಡು ಹೋಗುತ್ತೇನೆ.

ಕ್ಲಿನಿಕ್ಕಿಗೆ ಹೋದರೆ ಹತ್ತಕ್ಕೆ ನೋವು ಎಷ್ಟು ಅಂತ ಕೇಳುತ್ತಾರೆ. ನನ್ನ ಉತ್ತರ ಸುಮಾರು ಮೊದಲಿನದ್ದೇ, ನಾಲ್ಕೋ ಐದೋ. ಬರೀ ಆ ಅಂಕಿ ನೋಡಿದರೆ ಇಷ್ಟೆಲ್ಲ ಮಾಡಿದ್ದು ದಂಡ ಅನ್ನಿಸಬಹುದು. 2009ರಿಂದ ಬಳಕೆಯಲ್ಲಿರುವ ಒಂದು ಸಣ್ಣ ಅಳತೆಗೋಲು ಇದೆ. ಅದರಲ್ಲಿ ಮೂರೇ ಪ್ರಶ್ನೆ. ಕಳೆದ ವಾರ ನೋವು ಸರಾಸರಿ ಎಷ್ಟಿತ್ತು, ಬದುಕಿನ ಖುಷಿಗೆ ಎಷ್ಟು ಅಡ್ಡ ಬಂತು, ದಿನದ ಕೆಲಸಕ್ಕೆ ಎಷ್ಟು ಅಡ್ಡ ಬಂತು. ಮೊದಲ ಪ್ರಶ್ನೆಗೆ ನನ್ನ ಅಂಕಿ ಅಲ್ಲಾಡಿಲ್ಲ. ಉಳಿದ ಎರಡು ಇಳಿದಿವೆ.

ಮುಂದಿನ ತಿಂಗಳು ಸಾಗರದಲ್ಲಿ ಅಣ್ಣನ ಮಗಳ ಮದುವೆ. ಕಾರಿನಲ್ಲಿ ಒಟ್ಟಿಗೆ ಹೋಗೋಣ ಅಂತ ಮನೆಯಲ್ಲಿ ಒತ್ತಾಯ. ನಾನು ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ರೈಲಿನಲ್ಲಾದರೆ ಅರ್ಧ ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೆ ಓಡಾಡಬಹುದು, ಅರಸೀಕೆರೆಯಲ್ಲಿ ಇಳಿದು ಮೈ ಮುರಿಯಬಹುದು. ಮದುವೆಗೆ ಎರಡು ದಿನ ಮೊದಲೇ ಹೋಗುತ್ತೇನೆ, ಚಕ್ಕುಲಿ ಒತ್ತುವುದಕ್ಕಲ್ಲ. ಆರತಿ ತಟ್ಟೆ ಅಲಂಕಾರ ನನ್ನದು ಅಂತ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೇನೆ, ಅದೂ ಮೇಜಿನ ಮುಂದೆ ಕೂತು. "ಆಯ್ತು ಮಹಾರಾಣಿ" ಅಂದರು. ಅವರಿಗೂ ಮಂಡಿ ನೋವು. ಹೋದ ಮೇಲೆ ಅವರ ಎಂಟು ನಿಮಿಷ ಎಷ್ಟು ಅಂತ ಲೆಕ್ಕ ಹಾಕಿಕೊಡಬೇಕು.